ಕಣ್ಣು ತಿರುಗಿಸಿಕೊಂಡ ಊರು

ಸ್ಟೀಫನ್ ಕಿಂಗ್ ಅವರ ‘ಇಟ್’ ಕಾದಂಬರಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಚರಂಡಿಯೊಳಗಿನ ಕೋಡಂಗಿ. ಲೈಬ್ರರಿ ಕೆಲಸದಲ್ಲೇ ತಲೆ ನರೆತ ನನಗೆ ಆಪ್ತನಾದವನು ಮೈಕ್ ಹ್ಯಾನ್ಲನ್. ಏಳು ಮಂದಿ ಗೆಳೆಯರಲ್ಲಿ ಆರು ಮಂದಿ ದೊಡ್ಡವರಾಗಿ ಊರು ಬಿಡುತ್ತಾರೆ, ಬಾಲ್ಯವನ್ನೂ ಮರೆಯುತ್ತಾರೆ. ಮೈಕ್ ಒಬ್ಬನೇ ಡೆರ್ರಿಯಲ್ಲಿ ಉಳಿದು, ಅಲ್ಲಿನ ಲೈಬ್ರರಿ ನೋಡಿಕೊಳ್ಳುತ್ತಾ, ಮುದುಕರನ್ನು ಮಾತಾಡಿಸಿ ಊರಿನ ಚರಿತ್ರೆ ಬರೆದಿಡುತ್ತಾನೆ.

ಡೆರ್ರಿ ನಕಾಶೆಯಲ್ಲಿಲ್ಲ. ಅದರ ಅಸಲು ಅಮೆರಿಕದ ಮೇನ್ ರಾಜ್ಯದ ಬ್ಯಾಂಗೊರ್. 19ನೆಯ ಶತಮಾನದಲ್ಲಿ ಪೆನಾಬ್‌ಸ್ಕಾಟ್ ನದಿಯಲ್ಲಿ ತೇಲಿಬಂದ ಮರದ ದಿಮ್ಮಿಗಳಿಂದ ದುಡ್ಡು ಕಂಡ ಊರು. ಕಿಂಗ್ ಅಲ್ಲಿ ಮನೆ ಮಾಡಿ, ಊರಿನ ಕಥೆಗಳನ್ನು ಕೂಡಿಹಾಕಿ, 1986ರಲ್ಲಿ ಈ ಪುಸ್ತಕ ಹೊರತಂದರು. ಗುಡ್ಡದ ಮೇಲೆ 1897ರಲ್ಲಿ ಕಟ್ಟಿದ ನೀರಿನ ಟ್ಯಾಂಕು ಅಲ್ಲಿ ಇಂದಿಗೂ ಇದೆ. ಕಾದಂಬರಿಯಲ್ಲಿ ಅದರೊಳಗಿಂದ ಮುಳುಗಿ ಸತ್ತ ಹುಡುಗರು ಮೆಟ್ಟಿಲಿಳಿದು ಬರುತ್ತಾರೆ. 1959ರಲ್ಲಿ ನಿಲ್ಲಿಸಿದ ಜನಪದ ಕಥೆಗಳ ಮರಕಡುಕ ಪಾಲ್ ಬನ್ಯನ್‌ನ 31 ಅಡಿ ಎತ್ತರದ ಪ್ರತಿಮೆ ಕೊಡಲಿ ಎತ್ತಿಕೊಂಡು ಒಬ್ಬ ಹುಡುಗನನ್ನು ಅಟ್ಟುತ್ತದೆ.

ಇದು ಮಕ್ಕಳ ಕಲ್ಪನೆ. ನನ್ನನ್ನು ನಿಜಕ್ಕೂ ನಡುಗಿಸಿದ್ದು ದೊಡ್ಡವರ ಚರಿತ್ರೆ. 1937ರ ಅಕ್ಟೋಬರ್ 12ರಂದು ಮೆಷಿನ್ ಗನ್ ಕೊಳ್ಳಲು ಬ್ಯಾಂಗೊರ್‌ನ ಅಂಗಡಿಗೆ ಬಂದ ದರೋಡೆಕೋರ ಅಲ್ ಬ್ರೇಡಿಯನ್ನು ಎಫ್‌ಬಿಐನವರು ನಡುಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಕಿಂಗ್ ಅದನ್ನು 1929ಕ್ಕೆ ಒಯ್ದು, ಬಂದೂಕುಗಳನ್ನು ಊರಿನವರ ಕೈಗೇ ಕೊಟ್ಟರು. ಕೊಂದವರೂ ಅವರೇ, ಆಮೇಲೆ ಏನೂ ಕಾಣಲಿಲ್ಲ ಎಂದವರೂ ಅವರೇ.

ಇನ್ನೊಂದು ಘಟನೆಗೆ ಅಷ್ಟು ಬಣ್ಣ ಬೇಕಾಗಲಿಲ್ಲ. 1984ರ ಜುಲೈ 7ರ ರಾತ್ರಿ ಚಾರ್ಲಿ ಹೊವರ್ಡ್ ಎಂಬ 23 ವರ್ಷದ ಯುವಕನನ್ನು, ಅವನು ಸಲಿಂಗಿ ಎಂಬ ಕಾರಣಕ್ಕೆ, ಮೂವರು ಹದಿಹರೆಯದ ಹುಡುಗರು ಹೊಡೆದು ಸೇತುವೆಯಿಂದ ಕೆಂಡಸ್ಕೀಗ್ ಹೊಳೆಗೆ ಎಸೆದರು. ಅವನಿಗೆ ಈಜು ಬರುತ್ತಿರಲಿಲ್ಲ. ಕಾದಂಬರಿಯ ಏಡ್ರಿಯನ್ ಮೆಲನ್ ಹುಟ್ಟಿದ್ದು ಆ ಸಾವಿನಿಂದ.

ಇಷ್ಟಾದ ಮೇಲೆ ಕಾದಂಬರಿಯ ಒಂದು ಸಣ್ಣ ಪ್ರಸಂಗ ನನಗೆ ಬೇರೆಯೇ ಆಗಿ ಕಂಡಿತು. ಪುಂಡರು ಆ ಏಳು ಗೆಳೆಯರಲ್ಲೊಬ್ಬಳಾದ ಬೆವರ್ಲಿಯನ್ನು ಬೀದಿಯಲ್ಲಿ ಅಡ್ಡಗಟ್ಟುತ್ತಾರೆ. ಎದುರು ಮನೆಯ ಹಿರಿಯ ನೋಡುತ್ತಾನೆ, ಪೇಪರ್ ಮಡಚುತ್ತಾನೆ, ಒಳಗೆ ಹೋಗುತ್ತಾನೆ. ಆ ಕೋಡಂಗಿ ರೂಪದ ಭೂತಕ್ಕೆ ಅನ್ನ ಹಾಕಿ ಸಾಕಿದವರು ಇಂಥವರೇ. ಅದರೆದುರು ಮಕ್ಕಳ ಬಳಿ ಇರುವುದು ನಂಬಿಕೆಯೊಂದೇ: ಅವರಲ್ಲೊಬ್ಬನಾದ ಎಡ್ಡಿ ತನ್ನ ಉಬ್ಬಸದ ಪಂಪಿನ ಔಷಧಿಯನ್ನೇ ಆಸಿಡ್ ಎಂದು ಭಾವಿಸಿ ಚಿಮ್ಮಿಸುತ್ತಾನೆ, ಭೂತ ಸುಟ್ಟುಕೊಳ್ಳುತ್ತದೆ. ಕಲ್ಪನೆಯನ್ನು ಇಷ್ಟು ಗಂಭೀರವಾಗಿ ನಂಬಿದ ಭಯದ ಕಾದಂಬರಿಯನ್ನು ನಾನು ಬೇರೆ ಓದಿಲ್ಲ.

ಕಥೆ ಬೇಗ ಮುಂದೆ ಹೋಗಲೆಂದು ಹಲವರು ಮೈಕ್‌ನ ಟಿಪ್ಪಣಿಗಳ ಪುಟಗಳನ್ನು ಹಾರಿಸಿ ಓದುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾದಂಬರಿಯ ಅತಿ ಭಯಂಕರ ಭಾಗ ಅದೇ.