ಮಕ್ಕಳ ಸಮೇತ ದಶಪುರಕ್ಕೆ ಬಂದ ರೇಷ್ಮೆ ನೇಕಾರರು

ಮಂದಸೋರಿನ ರೇಷ್ಮೆ ನೇಕಾರರ ಶಾಸನವನ್ನು ಸಾಮಾನ್ಯವಾಗಿ ಗುಪ್ತರ ಕಾಲನಿರ್ಣಯಕ್ಕಾಗಿ ಓದುತ್ತಾರೆ. ನನಗೆ ಅದು ಮೊದಲು ವಲಸೆಯ ದಾಖಲೆ.

ಲಾಟದೇಶದಿಂದ, ಅಂದ್ರೆ ದಕ್ಷಿಣ ಗುಜರಾತಿನಿಂದ, ನೇಕಾರರ ಶ್ರೇಣಿಯೊಂದು ದಶಪುರಕ್ಕೆ (ಇಂದಿನ ಮಂದಸೋರ್) ಬಂತು. ಮೊದಲು ಮನಸ್ಸಿನಲ್ಲೇ ಬಂದರಂತೆ, ಆಮೇಲೆ ಮಕ್ಕಳು, ಬಂಧುಗಳ ಸಮೇತ. ಕವಿ ವತ್ಸಭಟ್ಟಿ ಹೇಳೋದು ಹೀಗೆ. ಈ 'ಮಕ್ಕಳ ಸಮೇತ' ಅನ್ನೋದೇ ಮುಖ್ಯ. ಒಂಟಿಯಾಗಿ ದುಡಿಯೋಕೆ ಬಂದವರು ವಾಪಸ್ ಹೋದರೆ ಊರಿನ ಜನಸಂಖ್ಯೆ ಮತ್ತೆ ಇಳಿಯುತ್ತೆ. ಮಕ್ಕಳೊಡನೆ ಬಂದವರು ಮುಂದಿನ ತಲೆಮಾರನ್ನೂ ಜೊತೆಗೇ ತರ್ತಾರೆ. ಆಮೇಲೆ ಹೊಸಬರು ಯಾರೂ ಬಾರದಿದ್ದರೂ ಊರು ಬೆಳೆಯುತ್ತೆ.

ಶ್ರೇಣಿ ಸೂರ್ಯದೇವಾಲಯ ಕಟ್ಟಿಸಿದ್ದು ಮಾಲವ ವರ್ಷ 493ರಲ್ಲಿ (ಕ್ರಿ.ಶ. 436), ಜೀರ್ಣೋದ್ಧಾರ ಮಾಡಿಸಿದ್ದು 529ರಲ್ಲಿ. ಶಾಸನ ಹುಟ್ಟಿದ್ದು ಈ ಎರಡನೇ ಸಲ. ಹಾಗಾಗಿ ಕೆಲವರು ಬಿಲ್ವಿದ್ಯೆ, ಕೆಲವರು ಕಥೆ ಹೇಳೋದು, ಕೆಲವರು ಜ್ಯೋತಿಷ ಹಿಡಿದರು, ಇನ್ನು ಕೆಲವರು ನೇಯ್ಗೆಯಲ್ಲೇ ಉಳಿದರು ಅನ್ನೋ ಪಟ್ಟಿ 36 ವರ್ಷ ಕಳೆದ ಮೇಲಿನ ನೋಟ. ಗುಡಿ ಕಟ್ಟುವಾಗ 10 ವರ್ಷದ ಹುಡುಗನಾಗಿದ್ದವನಿಗೆ ಆಗ 46.

ರೇಷ್ಮೆ ವ್ಯಾಪಾರ ಕುಸಿದದ್ದಕ್ಕೆ ಈ ಪಟ್ಟಿಯೇ ಸಾಕ್ಷಿ ಎನ್ನುವವರಿದ್ದಾರೆ. ನಾನು ಒಪ್ಪೋಲ್ಲ. ಕಸುಬು ಕೆಟ್ಟಿದ್ದರೆ ಅದೇ ಶ್ರೇಣಿಗೆ ಗುಡಿ ರಿಪೇರಿ ಮಾಡಿಸೋಕೆ ದುಡ್ಡೆಲ್ಲಿಂದ ಬರಬೇಕು? ನೆಲೆನಿಂತ ಮನೆಗಳಲ್ಲಿ ಬೆಳೆದ ಮಕ್ಕಳಿಗೆಲ್ಲ ಮಗ್ಗವೇ ಬೇಕಿರಲಿಲ್ಲ, ಅಷ್ಟೆ. ಸಾಲದ್ದಕ್ಕೆ ಅದೇ ಶಾಸನದಲ್ಲಿ ಒಂದು ಜಾಹೀರಾತೂ ಇದೆ: ಹರೆಯ, ರೂಪ, ಚಿನ್ನದ ಹಾರ, ತಾಂಬೂಲ, ಹೂವು ಎಲ್ಲ ಇದ್ದರೂ ರೇಷ್ಮೆ ಉಡದೆ ಹೆಣ್ಣು ಪ್ರಿಯನ ಬಳಿ ಹೋಗೋದಿಲ್ಲವಂತೆ!