ಬಾಯಿ ಮುಚ್ಚಿದ ಪೆಟ್ಟಿಗೆ

‘ಜೀವಮಾನವಿಡೀ ಬಾಳಿಕೆ ಬರುತ್ತದೆ’ ಎಂಬ ಮಾತು ನಮ್ಮ ಮನೆಗಳಿಗೆ ಬೇರೆ ಬೇರೆ ಬಾಗಿಲಿನಿಂದ ಬರುತ್ತದೆ. ಕುಕ್ಕರ್ ಮಾರುವವನು ಹೇಳುತ್ತಾನೆ, ಗ್ರೈಂಡರ್ ಮಾರುವವನು ಹೇಳುತ್ತಾನೆ, ಈಗ ಕಾರು ಮಾರುವವರೂ ಹೇಳತೊಡಗಿದ್ದಾರೆ. “ಇದು ಆಟೊಮ್ಯಾಟಿಕ್ ಗೇರು ಮೇಡಂ. ಗೇರ್ ಬಾಕ್ಸು ಸೀಲ್ ಆಗಿರುತ್ತೆ. ಒಳಗಿನ ಆಯಿಲ್ಲು ಲೈಫ್ ಲಾಂಗ್.” ಯಾರ ಲೈಫು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಹೈಸ್ಕೂಲು ಮಕ್ಕಳಿಗೆ ವರ್ಷಗಟ್ಟಲೆ ಚರಿತ್ರೆ ಹೇಳಿದ ನನಗೆ ಮಾತ್ರ, ಯಾವುದೇ ವಂಶ ಶಾಶ್ವತವೆಂದು ಯಾರಾದರೂ ಹೇಳಿದರೆ ಕೊನೆಯ ದೊರೆಯ ಹೆಸರು ಹುಡುಕುವ ಚಾಳಿ. ಹಾಗಾಗಿ ಈ ಮುಚ್ಚಿದ ಪೆಟ್ಟಿಗೆಯ ಚರಿತ್ರೆಯನ್ನೂ ಒಂದಿಷ್ಟು ಕೆದಕಿ ನೋಡಿದೆ.

ನಾನು ಕೆಲಸಕ್ಕೆ ಸೇರಿದ 1990ರ ದಶಕದ ಆರಂಭದಲ್ಲಿ ನಮ್ಮ ಆನೇಕಲ್ಲಿನಲ್ಲಿ ಗೇರು ಎಂಬುದು ಗಂಡಸರ ಆಸ್ತಿ. ಬಜಾಜ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ಮಾಡಿ, ನಾಲ್ಕು ಒದೆ ಒದ್ದು, ಎಡಗೈಯಲ್ಲಿ ಕ್ಲಚ್ಚು ಹಿಡಿದು ಗೇರು ತಿರುಗಿಸುವುದನ್ನು ನಾವು ಹೆಂಗಸರು ಹಿಂದಿನ ಸೀಟಿನಿಂದ ನೋಡುತ್ತಿದ್ದೆವು. ಸೀರೆಯುಟ್ಟು ಇದನ್ನೆಲ್ಲ ಮಾಡುವುದು ಸಾಧ್ಯವಿರಲಿಲ್ಲವೆಂದಲ್ಲ, ಮಾಡಿ ನೋಡು ಎಂದು ಯಾರೂ ಹೇಳಿರಲಿಲ್ಲ. ಆ ಬೇಲಿಯನ್ನು ಮೊದಲು ಮುರಿದದ್ದು ಗೇರಿಲ್ಲದ ಗಾಡಿಗಳು. 1972ರಲ್ಲಿ ಪುಣೆಯಿಂದ ಲೂನಾ ಬಂತು. 1980ರಲ್ಲಿ, ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಹೊಸೂರಿನಿಂದ ಟಿವಿಎಸ್ 50 ಬಂತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಅದಕ್ಕೆ ಒದೆಯಬೇಕಾದ್ದೂ ಇಲ್ಲ, ಗುಂಡಿ ಒತ್ತಿದರೆ ಸಾಕು. ನಾನು ಬಿ.ಎಡ್. ಮುಗಿಸಿ ಶಾಲೆಗೆ ಹೋಗಲು ಕೊಂಡದ್ದು ಹಳೆಯ ಟಿವಿಎಸ್ 50. ಊರಿನ ಮಗ್ಗದ ಬೀದಿಯಲ್ಲಿ ನಾನು ಹೋದರೆ ರಾಟೆ ತಿರುಗಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

ಕೈನೆಟಿಕ್ ಹೋಂಡಾದೊಳಗೆ ನಿಜವಾಗಿ ಇದ್ದದ್ದು ಎರಡು ರಾಟೆ, ನಡುವೆ ಒಂದು ಪಟ್ಟೆ, ಹಿಟ್ಟಿನ ಗಿರಣಿಯಲ್ಲಿರುವಂತೆ. ವ್ಯತ್ಯಾಸವೆಂದರೆ ವೇಗ ಹೆಚ್ಚಿದಂತೆ ಒಂದು ರಾಟೆಯ ಸಂದು ಕಿರಿದಾಗುತ್ತದೆ, ಇನ್ನೊಂದರದು ಅಗಲವಾಗುತ್ತದೆ. ಪಟ್ಟೆ ಮೇಲಕ್ಕೂ ಕೆಳಕ್ಕೂ ಸರಿದು ತಾನೇ ಗೇರು ಬದಲಿಸುತ್ತದೆ. ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರಿಗೆ ಮೊದಲು ಹಾಕಿದವರು ಹಾಲೆಂಡಿನ ಹಬ್ ವಾನ್ ಡೋರ್ನೆ, 1958ರ ಡಾಫ್ 600 ಕಾರಿನಲ್ಲಿ.

ದೊಡ್ಡ ಕಾರುಗಳ ಆಟೊಮ್ಯಾಟಿಕ್ಕಿನ ಕಥೆ ಬೇರೆ. ಅದು ಶುರುವಾಗುವುದು ರಸ್ತೆಯಲ್ಲಿ ಅಲ್ಲ, ಸಮುದ್ರದಲ್ಲಿ. ಹಡಗಿನ ಉಗಿಯಂತ್ರದ ಚಕ್ರ ಬಹು ವೇಗವಾಗಿ ತಿರುಗುತ್ತದೆ, ನೀರಿನಲ್ಲಿರುವ ರೆಕ್ಕೆ ನಿಧಾನವಾಗಿ ತಿರುಗಬೇಕು. ಈ ಇಬ್ಬರನ್ನು ಒಪ್ಪಿಸುವುದು ಹೇಗೆಂದು ಯೋಚಿಸಿದ ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟ್ಟಿಂಗರ್ 1905ರಲ್ಲಿ ಒಂದು ಪೇಟೆಂಟು ಪಡೆದರು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಆ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಜಾಗದಲ್ಲಿ ದ್ರವ ತುಂಬಿದರೆ ಅದೇ ಫೊಟ್ಟಿಂಗರರ ಉಪಾಯ. ಎರಡರ ನಡುವೆ ಕಬ್ಬಿಣಕ್ಕೆ ಕಬ್ಬಿಣ ತಾಗುವುದಿಲ್ಲ.

ಇದನ್ನು ಕಾರಿಗೆ ಇಳಿಸಿ ಸಾಮಾನ್ಯ ಜನರಿಗೆ ಮಾರಿದ್ದು ಅಮೆರಿಕದ ಜನರಲ್ ಮೋಟರ್ಸ್. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ ತಯಾರಾದ ಹೈಡ್ರಾಮ್ಯಾಟಿಕ್ 1939ರ ಕೊನೆಯಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಬೇಕೆಂದವರು 57 ಡಾಲರು ಹೆಚ್ಚು ಕೊಡಬೇಕಿತ್ತು. ಒಳಗೆ ಒಂದು ನಡು ಚಕ್ರ, ಅದರ ಸುತ್ತ ಸಣ್ಣ ಚಕ್ರಗಳು. ಎಂಜಿನಿಯರುಗಳೇ ಅವಕ್ಕೆ ಸೂರ್ಯ, ಗ್ರಹ ಎಂದು ಹೆಸರಿಟ್ಟಿದ್ದಾರೆ. ಯಾವ ಚಕ್ರವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಎಣ್ಣೆಯ ಒತ್ತಡವೇ ತೀರ್ಮಾನಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆ ಟ್ಯಾಂಕುಗಳೊಳಗೂ ಸೇರಿತು.

ಹೀಗೆ ಎಣ್ಣೆಯ ಮೇಲೆ ಬಿದ್ದ ಕೆಲಸ ಒಂದೆರಡಲ್ಲ. ಶಕ್ತಿ ದಾಟಿಸಬೇಕು, ಒತ್ತಡ ಹೊರಬೇಕು, ಹಲ್ಲುಗಳನ್ನು ನುಣುಪಾಗಿಡಬೇಕು, ಬಿಸಿಯನ್ನು ಹೊತ್ತು ಹೊರಗೆ ಹಾಕಬೇಕು. ಒಳಗಿನ ಕ್ಲಚ್ಚಿನ ಬಿಲ್ಲೆಗಳು ಜಾರದಂತೆ, ಜಗ್ಗದಂತೆ ನೋಡಿಕೊಳ್ಳಬೇಕು. ಕೂಡು ಕುಟುಂಬದ ಹಿರಿಸೊಸೆಯಂತೆ, ಎಲ್ಲ ಕೆಲಸವೂ ಇವಳದೇ, ಹೆಸರು ಮಾತ್ರ ಎಂಜಿನ್ನಿನದು. ಮಾಮೂಲಿ ಎಣ್ಣೆಯಿಂದ ಇದು ಆಗುವುದಿಲ್ಲವೆಂದು ಜನರಲ್ ಮೋಟರ್ಸ್ 1949ರಲ್ಲಿ ‘ಟೈಪ್ ಎ’ ಎಂಬ ಪ್ರತ್ಯೇಕ ದ್ರವಕ್ಕೆ ನಿಯಮ ಬರೆಯಿತು. ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತಾಗಲೆಂದು ಇಂಥ ದ್ರವಕ್ಕೆ ಕೆಂಪು ಬಣ್ಣ ಬೆರೆಸುವುದು ರೂಢಿಯಾಯಿತು.

ಆ ದ್ರವದಲ್ಲಿ ಇನ್ನೇನಿತ್ತು ಗೊತ್ತೆ? ತಿಮಿಂಗಿಲದ ಎಣ್ಣೆ. ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಿಸಿಗೆ ಕೆಡದೆ, ಲೋಹಕ್ಕೆ ಅಂಟಿ ನಿಲ್ಲುವ ಗುಣದ್ದು. ಕಾರು ಜಗ್ಗದೆ ಗೇರು ಬದಲಿಸಲೆಂದು ಸಮುದ್ರದ ಅಷ್ಟು ದೊಡ್ಡ ಪ್ರಾಣಿಯನ್ನು ಕೊಲ್ಲುತ್ತಿದ್ದರು. ತಿಮಿಂಗಿಲಗಳು ಅಳಿಯುವ ಹಂತಕ್ಕೆ ಬಂದವೆಂದು 1970ರ ದಶಕದ ಆರಂಭದಲ್ಲಿ ಅಮೆರಿಕ ಕಾನೂನು ಮಾಡಿ ಆ ಎಣ್ಣೆಯನ್ನು ನಿಲ್ಲಿಸಿತು. ಕಂಪನಿಗಳು ರಾಸಾಯನಿಕಗಳ ಮೊರೆ ಹೋದವು. ಬದಲಿ ಎಣ್ಣೆಗಾಗಿ ಹುಡುಕಿದವರ ಕಣ್ಣಿಗೆ ಬಿದ್ದ ಒಂದು ಮರುಭೂಮಿಯ ಗಿಡ ಜೊಜೊಬಾ. ಇಂದು ನಮ್ಮ ಹೆಣ್ಣುಮಕ್ಕಳು ತಲೆಗೆ, ಮುಖಕ್ಕೆ ಹಚ್ಚುವ ಸೀಸೆಗಳ ಮೇಲೆ ಓದುವ ಅದೇ ಹೆಸರು.

ಅಲ್ಲಿಂದ ಎಣ್ಣೆಗಳು ಉತ್ತಮಗೊಳ್ಳುತ್ತ ಬಂದವು. ಮೊದಲು ಮಾಲೀಕನೇ ಕಡ್ಡಿ ಅದ್ದಿ ಎಣ್ಣೆಯ ಮಟ್ಟ ನೋಡಬಹುದಿತ್ತು. ಈಚಿನ ಹಲವು ಕಾರುಗಳಲ್ಲಿ ಆ ಕಡ್ಡಿಯೇ ಮಾಯವಾಗಿದೆ. ಇದಕ್ಕೆ ಕಂಪನಿಗಳ ಕಡೆಯಿಂದ ನ್ಯಾಯವಾದ ಕಾರಣವೂ ಇದೆ. ಪದೇ ಪದೇ ಮುಚ್ಚಳ ತೆಗೆದರೆ ಧೂಳು ಹೋಗುತ್ತದೆ, ತಿಳಿಯದವರು ಬೇರೆ ಎಣ್ಣೆ ಸುರಿಯುತ್ತಾರೆ. ಆದರೆ ಕಡ್ಡಿಯ ಜೊತೆಗೆ ನೋಡುವ ಹಕ್ಕೂ ಹೋಯಿತು. ಬಹು ದೊಡ್ಡ ಕಂಪನಿಗಳಿಗೆ ಗೇರ್ ಬಾಕ್ಸು ಮಾಡಿಕೊಡುವ ಜರ್ಮನಿಯ ಝಡ್‌ಎಫ್, 1915ರಲ್ಲಿ ಜೆಪ್ಪೆಲಿನ್ ಆಕಾಶನೌಕೆಗಳಿಗೆ ಹಲ್ಲುಚಕ್ರ ಮಾಡಲೆಂದು ಹುಟ್ಟಿದ ಕಾರ್ಖಾನೆ. ತನ್ನ ಪೆಟ್ಟಿಗೆಗಳ ಎಣ್ಣೆಯನ್ನು 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೆ ಬದಲಿಸಿ ಎಂಬುದು ಆ ಕಾರ್ಖಾನೆಯ ಸಲಹೆ. ಅದೇ ಪೆಟ್ಟಿಗೆ ಕೂರಿಸಿದ ಕೆಲವು ಕಾರುಗಳವರು ಜೀವಮಾನವಿಡೀ ಬೇಡ ಎನ್ನುತ್ತಾರೆ. ಹೆತ್ತ ತಾಯಿ ಒಂದು ಹೇಳಿ, ಸಾಕಿದವಳು ಇನ್ನೊಂದು ಹೇಳಿದರೆ ನಾನಂತೂ ಹೆತ್ತವಳ ಮಾತು ಕೇಳುವವಳು.

ಇಷ್ಟೆಲ್ಲ ನನಗೆ ಬೇಕಾದದ್ದು ನಮ್ಮ ಮನೆಯ ಕಾರಿನಿಂದ. ನಮ್ಮ ಯಜಮಾನರ ಎಡ ಮಂಡಿಯ ಆಪರೇಷನ್ ಆದ ಮೇಲೆ ಕ್ಲಚ್ಚು ತುಳಿಯುವಂತಿರಲಿಲ್ಲ. ಮೂರೂವರೆ ಲಕ್ಷ ಕೊಟ್ಟು ಹಳೆಯದೊಂದು ಆಟೊಮ್ಯಾಟಿಕ್ ಕಾರು ಕೊಂಡೆವು. ಚಂದಾಪುರದ ಸಂತೆ, ಅತ್ತಿಬೆಲೆಯ ಅಕ್ಕನ ಮನೆ, ಹೊಸೂರಿನ ಮದುವೆ, ಎಲ್ಲವೂ ಅದರಲ್ಲೇ. ಅವರಿಗೆ ಮತ್ತೆ ಕಾಲು ಬಂದಂತಾಯಿತು. ಮೀಟರಿನಲ್ಲಿ 1,12,000 ಕಿಲೋಮೀಟರು ದಾಟಿದಾಗ, ಬೆಳಗಿನ ಹೊತ್ತು ಹೊರಡುವಾಗ ಬೆನ್ನಿಗೆ ಗುದ್ದಿದಂತೆ ಜಗ್ಗತೊಡಗಿತು. ಒಂದು ಸರ್ವೀಸ್ ಕೇಂದ್ರದಲ್ಲಿ ತೋರಿಸಿದರೆ, “ಸೀಲ್ ಇದೆ, ನಾವು ತೆಗೆಯಲ್ಲ. ಕೆಟ್ಟರೆ ಬಾಕ್ಸೇ ಬದಲಿಸಬೇಕು, ಎರಡೂವರೆ ಲಕ್ಷ ಆಗುತ್ತೆ” ಎಂದರು. ಹಿಂದಿನ ಮಾಲೀಕರು ಎಣ್ಣೆ ಬದಲಿಸಿದ್ದರೆ ಎಂದರೆ ದಾಖಲೆಯೇ ಇಲ್ಲ. ಕಾರು ನಿಂತರೆ ನಮ್ಮವರೂ ಮನೆಯಲ್ಲೇ ನಿಲ್ಲುತ್ತಾರೆಂಬುದು ನನ್ನ ಚಿಂತೆ.

ನನ್ನ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಜಿಗಣಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. “ಅಮ್ಮ, ಸೀಲ್ ಅಂದರೆ ಬೆಸುಗೆ ಹಾಕಿಲ್ಲ. ಬೋಲ್ಟುಗಳಿವೆ. ಬೋಲ್ಟು ಇಟ್ಟವನು ಬಿಚ್ಚೋದಕ್ಕೇ ಇಟ್ಟಿರ್ತಾನೆ” ಎಂದಳು. ಬೇಸಗೆ ರಜದ ಭಾನುವಾರ ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಎತ್ತಿ ನಿಲ್ಲಿಸಿದಳು. ಮುಂದೂ ಹಿಂದೂ ಒಂದೇ ಮಟ್ಟದಲ್ಲಿರಬೇಕು, ಬರಿಯ ಜಾಕಿನ ಮೇಲೆ ನಂಬಿಕೆಯಿಟ್ಟು ಅಡಿಗೆ ನುಗ್ಗಬಾರದು.

ಅವಳ ಮೊದಲ ಪಾಠ, ಎಣ್ಣೆ ಇಳಿಸುವ ಬೋಲ್ಟಿಗೆ ಕೈ ಹಾಕುವ ಮೊದಲು ತುಂಬುವ ಬೋಲ್ಟು ಬಿಚ್ಚಿ ನೋಡಬೇಕು. ಇದ್ದ ಎಣ್ಣೆಯನ್ನು ಇಳಿಸಿಬಿಟ್ಟು, ಆಮೇಲೆ ಮೇಲಿನ ಬೋಲ್ಟು ತುಕ್ಕು ಹಿಡಿದು ಬರದಿದ್ದರೆ ಕಾರು ಅಲ್ಲೇ ಕೂರುತ್ತದೆ. ಇಳಿದ ಎಣ್ಣೆ ಕೆಂಪಗಿರಲಿಲ್ಲ. ಹಳೆಯ ಹುಣಸೆ ರಸದ ಬಣ್ಣ, ಸೀದ ಒಗ್ಗರಣೆಯ ವಾಸನೆ. ತಳದ ತಟ್ಟೆ ಬಿಚ್ಚಿದಾಗ ಒಳಗಿನ ಅಯಸ್ಕಾಂತಗಳ ಮೇಲೆ ಕಾಡಿಗೆಯಂಥ ಕಪ್ಪು ಮೆತ್ತಿಕೊಂಡಿತ್ತು. ಅದು ಸವೆದ ಕಬ್ಬಿಣದ ಪುಡಿ. ನುಣ್ಣಗಿದ್ದರೆ ವಯಸ್ಸಿನ ಸವೆತ, ಚೂರುಗಳಿದ್ದರೆ ಆಪತ್ತು. ನಮ್ಮದು ನುಣ್ಣಗಿತ್ತು.

ಇಳಿದದ್ದನ್ನು ಅಳೆಯುವ ಕೆಲಸ ನನ್ನದು. 3 ಲೀಟರು. ಪೆಟ್ಟಿಗೆ ಹಿಡಿಯುವುದು 8 ಲೀಟರು. ಉಳಿದ 5 ಲೀಟರು ಆ ಫ್ಯಾನುಗಳ ಗೂಡಿನಲ್ಲೂ ಕೊಳವೆಗಳಲ್ಲೂ ಅವಿತಿರುತ್ತದೆ. ಒಂದು ಸಲ ಬದಲಿಸಿದರೆ ನೂರಕ್ಕೆ 38ರಷ್ಟು ಹೊಸದು, ಎರಡು ಸಲಕ್ಕೆ 61, ಮೂರು ಸಲಕ್ಕೆ 76. ಹಳೆಯ ಹುಳಿಯಿರುವ ದೋಸೆ ಹಿಟ್ಟಿಗೆ ಹೊಸ ಹಿಟ್ಟು ಬೆರೆಸುವ ಲೆಕ್ಕ. ನಡುನಡುವೆ ಒಂದೆರಡು ವಾರ ಓಡಿಸಿ ಮೂರು ಸಲ ಮಾಡಿದೆವು.

ನಿಜವಾದ ನಾಜೂಕು ಮಟ್ಟ ನೋಡುವುದರಲ್ಲಿದೆ. ಹಾಲು ಕಾದರೆ ಉಕ್ಕುವಂತೆ ಎಣ್ಣೆ ಕಾದರೆ ಹಿಗ್ಗುತ್ತದೆ. ಆದುದರಿಂದ ಕೈಪಿಡಿಯಲ್ಲಿ ಮಟ್ಟದ ಜೊತೆ ಉಷ್ಣತೆಯನ್ನೂ ಹೇಳಿರುತ್ತಾರೆ. ನಮ್ಮ ಕಾರಿಗೆ 40 ಡಿಗ್ರಿಯ ಆಸುಪಾಸು. ಇಳಿದಷ್ಟೇ ಹೊಸ ಎಣ್ಣೆ ತುಂಬಿ, ಎಂಜಿನ್ ಶುರು ಮಾಡಿ, ಬ್ರೇಕು ತುಳಿದು, ಗೇರಿನ ಹಿಡಿಯನ್ನು ಎಲ್ಲ ಮನೆಗಳಿಗೂ ಒಮ್ಮೆ ಸರಿಸಿದೆವು. ಮಗಳು ಒಂದು ಸಣ್ಣ ಯಂತ್ರ ಸಿಕ್ಕಿಸಿ ಉಷ್ಣತೆ ಓದಿ, ಸರಿಯಾದ ಗಳಿಗೆಗೆ ಮಟ್ಟದ ಬೋಲ್ಟು ಬಿಚ್ಚಿದಳು. ಹೆಚ್ಚಿನದು ನೂಲಿನಂತೆ ಸುರಿದು, ಹನಿ ಹನಿಯಾದಾಗ ಹೊಸ ವಾಷರು ಹಾಕಿ ಮುಚ್ಚಿದಳು. ಎಣ್ಣೆ ಕಡಿಮೆಯಾದರೂ ನೊರೆ, ಹೆಚ್ಚಾದರೂ ನೊರೆ. ನೊರೆಗೆ ಒತ್ತಡ ಹೊರುವ ಶಕ್ತಿಯಿಲ್ಲ.

ಮೂರು ಸಲಕ್ಕೂ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಗುದ್ದು ಬಹುಮಟ್ಟಿಗೆ ಹೋಯಿತು. ಪೂರ್ತಿ ಹೋಗಲಿಲ್ಲ, ಸವೆದ ಬಿಲ್ಲೆಗೆ ಎಣ್ಣೆ ಹರೆಯ ತರಲಾರದು. ಗೇರು ಬಿದ್ದರೂ ಕಾರು ಮುಂದಕ್ಕೆ ಹೋಗದಷ್ಟು ಜಾರುತ್ತಿದ್ದರೆ ಅದು ಮನೆಮದ್ದಿನ ಕಾಯಿಲೆಯಲ್ಲ, ಗೇರ್ ಬಾಕ್ಸು ಬಲ್ಲವರಿಗೇ ತೋರಿಸಬೇಕು. ಆಟೊಮ್ಯಾಟಿಕ್ ಎಂದೊಡನೆ ಎಲ್ಲವೂ ಒಂದೇ ಎಂದುಕೊಳ್ಳಲೂ ಬಾರದು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಎಂಬುದು ಹಳೆಯ ಗೇರ್ ಬಾಕ್ಸೇ, ಕ್ಲಚ್ಚು ತುಳಿಯುವುದನ್ನೂ ಗೇರು ಬದಲಿಸುವುದನ್ನೂ ಮಾತ್ರ ತಾನೇ ಮಾಡುತ್ತದೆ. ಅದಕ್ಕೆ ಈ ಕೆಂಪು ಎಣ್ಣೆ ಸಲ್ಲದು. ಪಟ್ಟೆಯ ಗೇರಿಗೆ ಅದರದೇ ಎಣ್ಣೆ. ಕೈಪಿಡಿಯಲ್ಲಿ ಬರೆದ ಹೆಸರಿನದನ್ನೇ ಕೊಳ್ಳಬೇಕು. ಇಳಿದ ಎಣ್ಣೆಯನ್ನು ಡಬ್ಬಕ್ಕೆ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆವು. ಚರಂಡಿಗೆ ಸುರಿದರೆ ಅದು ಕೆರೆಗೇ ಹೋಗುತ್ತದೆ, ನಮ್ಮ ತಾಲ್ಲೂಕಿನ ಕೆರೆಗಳು ಈಗಾಗಲೇ ಸಾಕಷ್ಟು ಕುಡಿದಿವೆ.

ಗೇರೇ ಇಲ್ಲದ ಕಾರು ನಮ್ಮ ತಾಲ್ಲೂಕಿನಲ್ಲೇ ಹುಟ್ಟಿತೆಂಬುದನ್ನೂ ಹೇಳಬೇಕು. ಚೇತನ್ ಮೈನಿಯವರ ರೇವಾ ವಿದ್ಯುತ್ ಕಾರು 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂತು. ಕ್ಲಚ್ಚೂ ಇಲ್ಲ, ಗೇರು ಬದಲಿಸುವ ಗೋಜೂ ಇಲ್ಲ. ಲಂಡನ್ನಿನ ಬೀದಿಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು. 2025ರ ಆಗಸ್ಟಿನಿಂದ ಅದೇ ಬೊಮ್ಮಸಂದ್ರಕ್ಕೆ ಮೆಟ್ರೊ ರೈಲು ಬರುತ್ತಿದೆ. ಇಂದಿನ ವಿದ್ಯುತ್ ಕಾರುಗಳಲ್ಲೂ ಮೋಟರಿಗೂ ಚಕ್ರಕ್ಕೂ ನಡುವೆ ಸಣ್ಣದೊಂದು ಹಲ್ಲುಚಕ್ರದ ಪೆಟ್ಟಿಗೆ ಇದ್ದೇ ಇದೆ, ಅದರಲ್ಲಿ ಎಣ್ಣೆಯೂ ಇದೆ.

ಗೇರಿಲ್ಲದ ಗಾಡಿ ನಮ್ಮನ್ನು ಹಿಂದಿನ ಸೀಟಿನಿಂದ ಮುಂದಕ್ಕೆ ತಂದಿತು. ಆದರೆ ಸುಲಭವಾದದ್ದೆಲ್ಲ ಮುಚ್ಚಿಯೂ ಇರುವುದರಿಂದ, ಒಳಗೇನಿದೆ ಎಂಬ ಪ್ರಶ್ನೆ ಮತ್ತೆ ಬೇರೆಯವರ ಕೈಗೆ ಹೋಯಿತು. ನಾವೆಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಯಾವ ಎಣ್ಣೆ, ಎಷ್ಟು ಕಿಲೋಮೀಟರಿಗೆ, ಹಿಂದೆ ಯಾವಾಗ ಬದಲಿಸಿದ್ದು ಎಂಬ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರೆದಿಟ್ಟುಕೊಂಡರೆ ಸಾಕು. ನಮ್ಮ ಕಾರಿನ ಪೆಟ್ಟಿಗೆಯ ಮೊದಲ ದಾಖಲೆ ಈಗ ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿದೆ. ತಾರೀಖು, ಕಿಲೋಮೀಟರು, ಲೀಟರು, ಎಣ್ಣೆಯ ಹೆಸರು.

ನಮ್ಮ ಸ್ಕೂಟರುಗಳ ಹಿಂದಿನ ಚಕ್ರದ ಬಳಿಯೂ 100 ಮಿಲಿ ಲೀಟರಿನಷ್ಟು ಗೇರ್ ಎಣ್ಣೆ ಇರುತ್ತದೆಂಬುದು ಬೀದಿಯ ಹೆಂಗಸರಲ್ಲಿ ಹಲವರಿಗೆ ಹೊಸ ಸಂಗತಿ. ಎಂಜಿನ್ ಎಣ್ಣೆ ಬದಲಿಸುವವರು ಇದನ್ನು ಮರೆಯುವುದುಂಟು. ಮುಂದಿನ ಭಾನುವಾರಗಳಲ್ಲಿ ಮೂವರು ತಮ್ಮ ಸ್ಕೂಟರು ತಂದು ನಿಲ್ಲಿಸಿದರು. ಲೆಕ್ಕದ ಪುಸ್ತಕದ ಎರಡನೆಯ ಪುಟದಲ್ಲಿ ಅವರ ಹೆಸರು, ತಾರೀಖು ಬರೆದಿದ್ದೇನೆ.