ಪೊಟೋಮ್ಯಾಕ್ ನದಿಯ ಎರಡು ಮೀನುಗಳು

ನದಿಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅವುಗಳ ದಡದಲ್ಲಿ ಹುಟ್ಟಿದ ಪಟ್ಟಣಗಳನ್ನೂ, ಅವುಗಳನ್ನು ದಾಟಿದ ಸೈನ್ಯಗಳನ್ನೂ, ಅವುಗಳಿಗೆ ಕಟ್ಟಿದ ಸೇತುವೆಗಳನ್ನೂ ವರ್ಣಿಸುವರು. ನೀರಿನೊಳಗೆ ನಡೆದ ಸಂಗತಿಗಳು ಅವರ ದೃಷ್ಟಿಗೆ ಬೀಳುವುದು ಅಪೂರ್ವ. ಆದರೆ ದಡದ ಮೇಲೆ ಮನುಷ್ಯನು ಮಾಡಿದ ಒಳಿತು ಕೆಡಕುಗಳ ಫಲವನ್ನು ಎಲ್ಲರಿಗಿಂತ ಮೊದಲು ಉಣ್ಣುವುದು ನೀರಿನಲ್ಲಿರುವ ಮೀನು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದ ಮಗ್ಗುಲಲ್ಲಿ ಹರಿಯುವ ಪೊಟೋಮ್ಯಾಕ್ ನದಿಯಲ್ಲಿ ಈ ಮಾತಿಗೆ ಒಳ್ಳೆಯ ನಿದರ್ಶನವುಂಟು. ಆ ನದಿಗೆ ಹುಟ್ಟಿನಿಂದ ಸೇರದ ಎರಡು ಮೀನುಗಳನ್ನು ಮನುಷ್ಯನು ತಂದು ಬಿಟ್ಟನು. ಒಂದನ್ನು ಜನರು ತಲೆಯ ಮೇಲೆ ಹೊತ್ತು ಮೆರೆಸಿದರು. ಇನ್ನೊಂದನ್ನು ಬೇಡಿ ತರಿಸಿಕೊಂಡು ಆಮೇಲೆ ಶಪಿಸಿದರು. ಇವೆರಡರಲ್ಲಿ ಯಾವುದರ ಮೇಲೆ ಹೊರಿಸಿದ ತಪ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದು ವಿಚಾರಾರ್ಹವಾದ ವಿಷಯ.

ಪೊಟೋಮ್ಯಾಕ್ ನದಿಯು ಅಪಲೇಚಿಯನ್ ಪರ್ವತಶ್ರೇಣಿಯಲ್ಲಿ ಉತ್ತರದ ಕವಲು, ದಕ್ಷಿಣದ ಕವಲು ಎಂದು ಎರಡಾಗಿ ಹುಟ್ಟಿ, ಮುಂದೆ ಒಂದಾಗಿ, ಹಾರ್ಪರ್ಸ್ ಫೆರಿ ಎಂಬ ಊರಿನ ಬಳಿ ಶೆನಂಡೋವಾ ನದಿಯನ್ನು ಕೂಡಿಕೊಂಡು, ವಾಷಿಂಗ್ಟನ್ನಿಗೆ ಮೇಲುಗಡೆ ಬಂಡೆಗಳ ನಡುವೆ ಧುಮುಕಿ, ಆ ಮೇಲೆ ಅಗಲವಾದ ಅಳಿವೆಯಾಗಿ ಚೆಸಪೀಕ್ ಕೊಲ್ಲಿಯನ್ನು ಸೇರುವುದು. ಅದರ ಉದ್ದ ಸುಮಾರು 400 ಮೈಲಿ. ಮೇಲ್ಭಾಗದಲ್ಲಿ ಕಲ್ಲುನೆಲ, ಹರಿಯುವ ತಿಳಿನೀರು. ಕೆಳಭಾಗದಲ್ಲಿ ಕೆಸರುನೆಲ, ಸಮುದ್ರದ ಉಬ್ಬರವಿಳಿತಕ್ಕೆ ಒಳಗಾದ ನಿಧಾನದ ನೀರು. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದಿನ ಕಥೆಯೆಲ್ಲ ಇದನ್ನೇ ಅವಲಂಬಿಸಿದೆ.

ಮೊದಲನೆಯ ಮೀನು ಕಿರುಬಾಯಿಯ ಬಾಸ್. ಕಂಚಿನ ಬಣ್ಣದ ಮೈ, ಪಕ್ಕೆಗಳ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು, ಕಣ್ಣನ್ನು ದಾಟಿ ಹೋಗದಷ್ಟು ಚಿಕ್ಕದಾದ ಬಾಯಿ, ಇವು ಅದರ ಗುರುತುಗಳು. ಫ್ರೆಂಚ್ ವಿದ್ವಾಂಸನಾದ ಲಾಸೆಪೇಡನು 1802ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣವನ್ನು ಮಾಡಿದನು. ಅವನ ಕೈಗೆ ದೊರೆತ ಮೀನಿನ ಬೆನ್ನಿನ ಈಜುರೆಕ್ಕೆಯು ಹರಿದುಹೋಗಿದ್ದುದರಿಂದ, ಅದೇ ಅದರ ಸ್ವಭಾವವೆಂದು ಭ್ರಮಿಸಿ, ‘ಕಿರುರೆಕ್ಕೆಯದು’ ಎಂಬ ಅರ್ಥದ ಹೆಸರನ್ನು ಇಟ್ಟನು. ಊನವಾದ ಒಂದು ಮೀನನ್ನು ನೋಡಿ ಇಟ್ಟ ಆ ಹೆಸರು ಇಂದಿಗೂ ಇಡೀ ಕುಲಕ್ಕೆ ಅಂಟಿಕೊಂಡಿದೆ. ಈ ಮೀನಿನ ತವರು ಉತ್ತರದ ಮಹಾಸರೋವರಗಳೂ, ಓಹಾಯೋ ಮೊದಲಾಗಿ ಪರ್ವತಗಳ ಪಶ್ಚಿಮಕ್ಕೆ ಹರಿಯುವ ನದಿಗಳೂ ಆಗಿದ್ದುವು. ಪರ್ವತಗಳ ಪೂರ್ವಕ್ಕೆ ಹರಿಯುವ ಪೊಟೋಮ್ಯಾಕಿನಲ್ಲಿ ಅದು ಇರಲಿಲ್ಲ.

ಮೀನು ಪರ್ವತವನ್ನು ದಾಟಿದ ಬಗೆ ವಿನೋದಕರವಾಗಿದೆ. 1850ರಲ್ಲಿ ಚೆಸಪೀಕ್–ಓಹಾಯೋ ಕಾಲುವೆಯು ಪೊಟೋಮ್ಯಾಕಿನ ದಡವನ್ನೇ ಹಿಡಿದು ಕಂಬರ್‌ಲೆಂಡ್ ಪಟ್ಟಣದವರೆಗೆ ಬಂದಿತು. 1853ರಲ್ಲಿ ಬಾಲ್ಟಿಮೋರ್–ಓಹಾಯೋ ರೈಲುಮಾರ್ಗವು ಪರ್ವತಗಳನ್ನು ಹತ್ತಿ ಇಳಿದು, ಓಹಾಯೋ ನದಿಯ ತೀರದ ವೀಲಿಂಗ್ ಪಟ್ಟಣವನ್ನು ಮುಟ್ಟಿತು. ಮರುವರ್ಷ, ಎಂದರೆ 1854ರಲ್ಲಿ, ವೀಲಿಂಗ್ ನಗರದ ವಿಲಿಯಂ ಶ್ರೈವರ್ ಎಂಬಾತನು ಅಲ್ಲಿಯ ಹೊಳೆಯಲ್ಲಿ ಹಿಡಿದ ಕೆಲವು ಬಾಸ್ ಮೀನುಗಳನ್ನು ತೂತುಗಳುಳ್ಳ ತಗಡಿನ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಉಗಿಯಂತ್ರದ ಹಿಂದಿನ ಬಂಡಿಯ ನೀರುತೊಟ್ಟಿಯೊಳಗೆ ತೂಗಬಿಟ್ಟು, ಕಂಬರ್‌ಲೆಂಡಿಗೆ ತಂದು ಕಾಲುವೆಯಲ್ಲಿ ಬಿಟ್ಟನು. ಯಂತ್ರಕ್ಕೆಂದು ತುಂಬಿದ ನೀರೇ ಮೀನಿಗೂ ಆಧಾರವಾಯಿತು. ಕಾಲುವೆಯಿಂದ ನದಿಗೆ ಹೋಗಲು ಅವಕ್ಕೆ ಅಡ್ಡಿಯಿರಲಿಲ್ಲ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಇದೇ ನದಿಯು ಎರಡು ಪಕ್ಷಗಳ ನಡುವಣ ಗಡಿಯಾಗಿತ್ತು. ದಡದಲ್ಲಿ ಸೈನ್ಯಗಳು ನಾಶವಾಗುತ್ತಿದ್ದಾಗ ನೀರಿನಲ್ಲಿ ಮೀನು ವೃದ್ಧಿಯಾಗುತ್ತಿತ್ತು. ಯುದ್ಧಾನಂತರದ ಕೆಲವೇ ವರ್ಷಗಳಲ್ಲಿ ಮೇಲಣ ಪೊಟೋಮ್ಯಾಕ್ ಬಾಸ್ ಮೀನಿಗೆ ಹೆಸರಾಯಿತು.

ಈ ಮೀನಿನ ಕೀರ್ತಿಗೆ ಅದರ ಸ್ವಭಾವವೇ ಕಾರಣ. ಗಾಳಕ್ಕೆ ಸಿಕ್ಕಿದೊಡನೆ ನೀರಿನಿಂದ ಮೇಲಕ್ಕೆ ನೆಗೆದು, ತಲೆಯನ್ನು ಕೊಡವಿ, ಬಂಡೆಗಳ ಸಂದಿಗೆ ನುಗ್ಗಿ, ಹಿಡಿದವನ ಕೈಯನ್ನು ಪರೀಕ್ಷಿಸದೆ ಅದು ವಶವಾಗುವುದಿಲ್ಲ. ಜೇಮ್ಸ್ ಹೆನ್‌ಷಾಲ್ ಎಂಬ ವೈದ್ಯನು 1881ರಲ್ಲಿ ಈ ಜಾತಿಯ ಮೀನುಗಳಿಗಾಗಿಯೇ ಒಂದು ಗ್ರಂಥವನ್ನು ಬರೆದು ಅದರ ಪರಾಕ್ರಮವನ್ನು ಕೊಂಡಾಡಿದನು. ಬಾಸ್ ಮೀನು ಸಣ್ಣ ಮೀನುಗಳನ್ನು ತಿಂದುಹಾಕುವುದೆಂದು ಆಕ್ಷೇಪಿಸಿದವರು ಇಲ್ಲದಿರಲಿಲ್ಲ. ಆದರೆ ಬಯಸಿ ಬರಮಾಡಿಕೊಂಡ ಅತಿಥಿಯ ದೋಷವನ್ನು ಎಣಿಸುವವರು ಎಲ್ಲಿಯೂ ಕಡಿಮೆ.

ಎರಡನೆಯ ಮೀನು ಗೆಂಡೆ. ಗೆಂಡೆಯ ಬಳಗದಲ್ಲಿ ಯೂರೋಪಿನವರು ಶತಮಾನಗಳಿಂದ ಕೊಳಗಳಲ್ಲಿ ಸಾಕಿಕೊಂಡು ಬಂದ ಸಾಮಾನ್ಯ ಗೆಂಡೆ. ಬಾಯಿಯ ಇಕ್ಕೆಲಗಳಲ್ಲಿ ಎರಡೆರಡು ಮೀಸೆ, ಗಂಟಲಿನಲ್ಲಿ ಅರೆಯುವ ಹಲ್ಲು, ಕೆಸರನ್ನು ಹೀರಿ ಆಹಾರವನ್ನು ಆರಿಸಿಕೊಂಡು ಉಳಿದುದನ್ನು ಉಗುಳುವ ಅಭ್ಯಾಸ, ಇವು ಅದರ ಲಕ್ಷಣಗಳು. ಮಧ್ಯಯುಗದ ಕ್ರೈಸ್ತಮಠಗಳಲ್ಲಿ ಉಪವಾಸದ ದಿನಗಳ ಊಟಕ್ಕೆ ಈ ಮೀನು ಒದಗುತ್ತಿದ್ದಿತು. 1653ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಐಸಾಕ್ ವಾಲ್ಟನನ ಪ್ರಸಿದ್ಧ ಗ್ರಂಥದಲ್ಲಿ ಇದಕ್ಕೆ ಗೌರವದ ಸ್ಥಾನವುಂಟು. ಅಮೆರಿಕಕ್ಕೆ ವಲಸೆ ಹೋದ ಜರ್ಮನರಿಗೂ ಇತರ ಯೂರೋಪಿಯನರಿಗೂ ಅದರ ರುಚಿ ತಿಳಿದೇ ಇದ್ದಿತು.

ನದಿಗಳಲ್ಲಿ ಮೀನು ಕಡಿಮೆಯಾಗುತ್ತಿದ್ದುದನ್ನು ಕಂಡು, ಅಮೆರಿಕದ ಕಾಂಗ್ರೆಸ್ ಸಭೆಯು 1871ರಲ್ಲಿ ಮತ್ಸ್ಯ ಕಮಿಷನ್ನನ್ನು ಸ್ಥಾಪಿಸಿತು. ಅದರ ಮೊದಲ ಅಧಿಕಾರಿ ಸ್ಪೆನ್ಸರ್ ಬೇರ್ಡ್ ಎಂಬ ವಿಜ್ಞಾನಿ. ಹೊಲದ ಮೂಲೆಯ ಕೊಳದಲ್ಲಿಯೂ ಬೆಳೆಯುವ, ಹೆಚ್ಚು ಆರೈಕೆಯನ್ನು ಬಯಸದ ಗೆಂಡೆಯು ಬಡ ರೈತನಿಗೆ ಅಗ್ಗದ ಆಹಾರವಾದೀತೆಂದು ಆತನು ನಂಬಿದನು. ರುಡಾಲ್ಫ್ ಹೆಸೆಲ್ ಎಂಬಾತನು ಜರ್ಮನಿಯಿಂದ ತಂದ 345 ಗೆಂಡೆಗಳನ್ನು 1877ರಲ್ಲಿ ಬಾಲ್ಟಿಮೋರ್ ನಗರದ ಡ್ರೂಯಿಡ್ ಹಿಲ್ ಉದ್ಯಾನದ ಕೊಳಗಳಲ್ಲಿ ಬಿಡಲಾಯಿತು. ಮರುವರ್ಷ ಅವುಗಳಲ್ಲಿ ಕೆಲವನ್ನು ಪೊಟೋಮ್ಯಾಕಿನ ಸಮೀಪದಲ್ಲಿ, ಆಗಿನ್ನೂ ಅರ್ಧಕ್ಕೆ ನಿಂತಿದ್ದ ವಾಷಿಂಗ್ಟನ್ ಸ್ಮಾರಕಸ್ತಂಭದ ಬಯಲಿನ ಕೊಳಗಳಿಗೆ ಸಾಗಿಸಿದರು. ಮರಿಗಳು ಸಿದ್ಧವಾದೊಡನೆ ದೇಶದ ಎಲ್ಲ ಕಡೆಗಳಿಂದಲೂ ಬೇಡಿಕೆಗಳು ಬಂದುವು. ಪ್ರತಿನಿಧಿಗಳಿಗೆ ತಮ್ಮ ಮತದಾರರನ್ನು ಸಂತೋಷಪಡಿಸಲು ಇದಕ್ಕಿಂತ ಸುಲಭವಾದ ಉಪಾಯವು ಸಿಕ್ಕುವಂತಿರಲಿಲ್ಲ. 1883ರ ವೇಳೆಗೆ, ಕಾಂಗ್ರೆಸ್ಸಿನ ಚುನಾವಣಾ ಕ್ಷೇತ್ರಗಳಲ್ಲಿ ಗೆಂಡೆ ಮುಟ್ಟದೆ ಇದ್ದವು ಬೆರಳಿನಲ್ಲಿ ಎಣಿಸುವಷ್ಟೇ ಉಳಿದಿದ್ದುವು. ಬಾಸ್ ಮೀನಿನಂತೆ ಗೆಂಡೆಯೂ ರೈಲಿನಲ್ಲಿಯೇ ಪ್ರಯಾಣ ಮಾಡಿತು. ಆದರೆ ಈ ಸಲ ಸರಕಾರದ ಖರ್ಚಿನಲ್ಲಿ.

ಉತ್ಸಾಹವು ಹೆಚ್ಚು ಕಾಲ ನಿಲ್ಲಲಿಲ್ಲ. ನೋಡಿಕೊಳ್ಳುವವರಿಲ್ಲದ ಕೊಳಗಳ ಏರಿಗಳು ಮಳೆಗೆ ಒಡೆದು ಮೀನುಗಳು ನದಿಗಳನ್ನು ಸೇರಿದುವು. ಒಂದು ದೊಡ್ಡ ಹೆಣ್ಣು ಗೆಂಡೆಯು ಒಂದು ಋತುವಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡಬಲ್ಲುದು. ಕೆಸರುನೀರಿನಲ್ಲಿ ಬೆಳೆದುದರ ಮಾಂಸಕ್ಕೆ ಮಣ್ಣಿನ ವಾಸನೆಯೆಂದು ಜನರು ಮೂಗು ಮುರಿದರು. ಆ ಮೇಲೆ ದೂರುಗಳ ಸರಮಾಲೆಯೇ ಬೆಳೆಯಿತು: ಗೆಂಡೆಯು ನೀರನ್ನು ಕದಡುತ್ತದೆ, ಬಾತುಗಳು ಮೇಯುವ ನೀರುಸಸ್ಯಗಳನ್ನು ಬೇರುಸಹಿತ ಕೀಳುತ್ತದೆ, ಒಳ್ಳೆಯ ಮೀನುಗಳ ಮೊಟ್ಟೆಗಳನ್ನು ತಿನ್ನುತ್ತದೆ, ಎಂದು. ಹತ್ತೊಂಬತ್ತನೆಯ ಶತಮಾನವು ಮುಗಿಯುವುದರೊಳಗೆ ಸರಕಾರವು ಗೆಂಡೆಯ ಹಂಚಿಕೆಯನ್ನು ನಿಲ್ಲಿಸಿತು. ಲಿಯಾನ್ ಕೋಲ್ ಎಂಬ ಪ್ರಾಣಿಶಾಸ್ತ್ರಜ್ಞನು ಈ ದೂರುಗಳನ್ನು ಒಂದೊಂದಾಗಿ ವಿಚಾರಿಸಿ ಬರೆದ ವರದಿಯು 1905ರಲ್ಲಿ ಪ್ರಕಟವಾಯಿತು. ಗೆಂಡೆಯಿಂದ ಹಾನಿಯಿಲ್ಲದಿಲ್ಲವೆಂದು ಅದು ಒಪ್ಪಿದರೂ ಜನರ ಕೋಪವನ್ನು ಪೂರ್ತಿಯಾಗಿ ಸಮರ್ಥಿಸಲಿಲ್ಲ. ಆಳವಿಲ್ಲದ ಕೆರೆಗಳಲ್ಲಿ ಗೆಂಡೆ ಅತಿಯಾದರೆ ನೀರು ರಾಡಿಯಾಗುವುದೂ ಸಸ್ಯಗಳು ನಾಶವಾಗುವುದೂ ನಿಜವೆಂದು ಅನಂತರದ ಸಂಶೋಧನೆಗಳಿಂದ ಸಿದ್ಧವಾಗಿದೆ. ಆದುದರಿಂದ ಗೆಂಡೆಯು ನಿರಪರಾಧಿಯೆಂದು ಹೇಳುವಂತಿಲ್ಲ. ಆದರೆ ಪೊಟೋಮ್ಯಾಕಿನ ನೀರು ಕದಡಿದುದಕ್ಕೆ ಅದೇ ಮೂಲಕಾರಣವೇ? ಇದಕ್ಕೆ ಉತ್ತರವು ಮೀನಿನ ಚರಿತ್ರೆಯಲ್ಲಿಲ್ಲ, ಮಣ್ಣಿನ ಚರಿತ್ರೆಯಲ್ಲಿದೆ.

ಪೊಟೋಮ್ಯಾಕಿನ ಕೆಳಭಾಗದಲ್ಲಿ ಪೋರ್ಟ್ ಟೊಬ್ಯಾಕೊ ಎಂಬ ಊರುಂಟು. ಹದಿನೆಂಟನೆಯ ಶತಮಾನದಲ್ಲಿ ಅದು ಸಮುದ್ರದ ಹಡಗುಗಳು ಬಂದು ಹೊಗೆಸೊಪ್ಪನ್ನು ತುಂಬಿಕೊಂಡು ಹೋಗುತ್ತಿದ್ದ ರೇವು. ಹೊಗೆಸೊಪ್ಪಿನ ಬೇಸಾಯಕ್ಕಾಗಿ ಕಾಡನ್ನು ಕಡಿದು, ಸಾರಗೆಟ್ಟ ಹೊಲವನ್ನು ಬಿಟ್ಟು, ಮತ್ತೆ ಹೊಸ ಕಾಡನ್ನು ಕಡಿಯುತ್ತ ಹೋದರು. ಬರಿದಾದ ಇಳುಕಲುಗಳ ಮಣ್ಣು ಮಳೆಯೊಡನೆ ಇಳಿದುಬಂದು ರೇವನ್ನು ಹೂಳಿತು. ಹಡಗುಗಳು ಬರುವುದು ನಿಂತು ಊರು ಹಾಳುಬಿದ್ದಿತು. 1895ರಲ್ಲಿ ಜಿಲ್ಲೆಯ ಮುಖ್ಯಸ್ಥಾನವೂ ಬೇರೆ ಊರಿಗೆ ಹೋಯಿತು. ವಾಷಿಂಗ್ಟನ್ ಮಗ್ಗುಲಿನ ಉಪನದಿಯಾದ ಅನಕೋಸ್ಟಿಯಾದ ಮೇಲಣ ಬ್ಲೇಡನ್ಸ್‌ಬರ್ಗ್ ರೇವಿಗೂ ಇದೇ ಗತಿ ಬಂದಿತು. ಈ ರೇವುಗಳಲ್ಲಿ ಹೂಳು ತುಂಬತೊಡಗಿದಾಗ ಪೊಟೋಮ್ಯಾಕಿನಲ್ಲಿ ಒಂದು ಗೆಂಡೆಯೂ ಇರಲಿಲ್ಲ. ಕೆಸರು ಮೊದಲು ಬಂದಿತು. ಕೆಸರಿನಲ್ಲಿ ಬದುಕಬಲ್ಲ ಮೀನು ಆಮೇಲೆ ಬಂದಿತು.

ನದಿಯಲ್ಲಿ ಗಾಳ ಹಾಕುವವರಿಗೆ ಈ ಸಂಬಂಧವು ಅನುಭವದಿಂದಲೇ ತಿಳಿದಿದೆ. ಬಾಸ್ ಮೀನು ಬೇಟೆಯಾಡುವುದು ಮುಖ್ಯವಾಗಿ ಕಣ್ಣಿನಿಂದ. ನೀರು ತಿಳಿಯಾಗಿರುವಾಗ ಅದು ಬಂಡೆಯ ಮರೆಯಲ್ಲಿ, ರಭಸದ ಹರಿವೂ ನಿಂತ ನೀರೂ ಕೂಡುವ ಅಂಚಿನಲ್ಲಿ ಹೊಂಚುಹಾಕಿ, ಸಣ್ಣ ಮೀನನ್ನೋ ಕಲ್ಲುಸಂದಿಯ ಸೀಗಡಿಯಂಥ ಜಂತುವನ್ನೋ ಹಿಡಿಯುವುದು. ಪರ್ವತದಲ್ಲಿ ಬಿರುಮಳೆ ಬಿದ್ದು ನೀರು ಏರಿ ಕೆಂಪಾದರೆ, ಅದು ದಡದ ಬೇರುಗಳ ಬಳಿಗೆ ಸರಿದು ಅಡಗುವುದು. ಆಗ ಗಾಳ ಹಾಕಿದವನಿಗೆ ಬರಿಗೈಯೇ ಗತಿ. ಗೆಂಡೆಯಾದರೋ ಮೀಸೆಯಿಂದಲೂ ಮೂಗಿನಿಂದಲೂ ಆಹಾರವನ್ನು ಅರಸುವುದಾದುದರಿಂದ, ಕದಡಿದ ನೀರಿನಲ್ಲಿಯೂ ಹಸಿದಿರಬೇಕಾಗಿಲ್ಲ; ನೆರೆ ಹತ್ತಿದ ಹುಲ್ಲುದಂಡೆಗಳಿಗೆ ನುಗ್ಗಿ ಮೇಯುವುದು. ಬೇಯಿಸಿದ ಜೋಳವನ್ನೋ ಹಿಟ್ಟಿನ ಉಂಡೆಯನ್ನೋ ಎರೆಯಾಗಿಟ್ಟು ಮಡುವಿನ ಬಳಿ ತಾಳ್ಮೆಯಿಂದ ಕುಳಿತವನಿಗೆ ಅದು ದೊರೆಯುವುದು. ನೆರೆಯಿಳಿದು ನೀರು ತಿಳಿಯಾಗತೊಡಗಿದ ಒಂದೆರಡು ದಿನಗಳು ಬಾಸ್ ಹಿಡಿಯುವವರ ಸುಗ್ಗಿ. ಹೀಗೆ ಒಂದೇ ನದಿಯು ಒಂದು ವಾರದೊಳಗೆ ಇಬ್ಬರು ಒಡೆಯರ ಕೈ ಬದಲಾಯಿಸುತ್ತದೆ.

ಒಂದು ವಾರಕ್ಕೆ ಸಲ್ಲುವ ಮಾತು ಒಂದು ಶತಮಾನಕ್ಕೂ ಸಲ್ಲುತ್ತದೆ. ಗಂಡು ಬಾಸ್ ವಸಂತದ ಕೊನೆಯಲ್ಲಿ ಹರಳುಕಲ್ಲಿನ ನೆಲವನ್ನು ಬಾಲದಿಂದ ಗುಡಿಸಿ ಗುಳಿಮಾಡಿ, ಹೆಣ್ಣು ಅಲ್ಲಿ ಮೊಟ್ಟೆಯಿಟ್ಟ ಮೇಲೆ, ಮರಿಗಳು ಚದರುವ ತನಕ ಕಾವಲು ನಿಲ್ಲುವುದು. ಆ ದಿನಗಳಲ್ಲಿ ನೆರೆ ಬಂದರೆ ಗೂಡು ಕೊಚ್ಚಿಹೋಗುವುದು. ಹೂಳು ಬಂದರೆ ಮೊಟ್ಟೆ ಉಸಿರುಕಟ್ಟುವುದು. ಬೋಳಾದ ಬೆಟ್ಟದ ಮೇಲೆ ಬಿದ್ದ ಮಳೆ ನೆಲದಲ್ಲಿ ಇಂಗದೆ ಒಮ್ಮೆಗೇ ಇಳಿಯುವುದರಿಂದ ನೆರೆಯೂ ಹೂಳೂ ಕೂಡಿಯೇ ಬರುತ್ತವೆ. 1889, 1924, 1936 ಈ ವರ್ಷಗಳ ಪ್ರವಾಹಗಳನ್ನು ಪೊಟೋಮ್ಯಾಕ್ ತೀರದವರು ಮರೆತಿಲ್ಲ. ಮೀನನ್ನು ನದಿಗೆ ಕೊಟ್ಟ ಆ ಕಾಲುವೆಯೇ 1889ರಲ್ಲಿ ಮುರಿದು, 1924ರ ಪ್ರವಾಹದ ತರುವಾಯ ದೋಣಿಸಂಚಾರಕ್ಕೆ ಶಾಶ್ವತವಾಗಿ ಮುಚ್ಚಿಹೋಯಿತು.

ಮಣ್ಣಿಗಿಂತ ಭೀಕರವಾದುದು ತಿಳಿನೀರಿನಲ್ಲಿಯೇ ಬಂದಿತು. ಉತ್ತರದ ಕವಲಿನ ಪ್ರದೇಶದಲ್ಲಿ ತೋಡಿ ಬಿಟ್ಟ ಕಲ್ಲಿದ್ದಲ ಗಣಿಗಳಿಂದ ಒಸರುವ ಆಮ್ಲದ ನೀರು ಹೊಳೆಯನ್ನು ಸೇರಿ, ಮೈಲಿಗಟ್ಟಲೆ ದೂರ ಮೀನಿನ ಸಂತತಿಯನ್ನು ಅಳಿಸಿತು. ನೋಡುವ ಕಣ್ಣಿಗೆ ಆ ನೀರು ನಿರ್ಮಲವಾಗಿಯೇ ಇದ್ದಿತು. ಕೆಳಗೆ ವಾಷಿಂಗ್ಟನ್ ನಗರದ ಹೊಲಸೆಲ್ಲ ನದಿಯ ಪಾಲಾಗುತ್ತಿದ್ದಿತು. 1938ರಲ್ಲಿ ಬ್ಲೂ ಪ್ಲೇನ್ಸ್ ಎಂಬಲ್ಲಿ ಹೊಲಸುನೀರನ್ನು ಶುದ್ಧಿಮಾಡುವ ಸ್ಥಾವರವು ಆರಂಭವಾಯಿತು. 1940ರಲ್ಲಿ ನದಿಯ ಜಲಾನಯನಕ್ಕೆ ಸೇರಿದ ಸಂಸ್ಥಾನಗಳು ಕೂಡಿ ಒಂದು ಆಯೋಗವನ್ನು ರಚಿಸಿಕೊಂಡುವು. ಆದರೂ ಜನಸಂಖ್ಯೆಯ ವೇಗವು ಶುದ್ಧಿಯ ವೇಗವನ್ನು ಮೀರಿತು. 1960ರ ದಶಕದ ಬೇಸಗೆಗಳಲ್ಲಿ ರಾಜಧಾನಿಯ ಮುಂದೆ ಹಸಿರು ಪಾಚಿಯು ದಪ್ಪನಾಗಿ ಹರಡಿ ಕೊಳೆತು ನಾರುತ್ತಿದ್ದಿತು. 1965ರಲ್ಲಿ ಅಧ್ಯಕ್ಷ ಜಾನ್‌ಸನ್ನನೇ ಅದರ ದುರವಸ್ಥೆಯನ್ನು ಬಹಿರಂಗವಾಗಿ ಹಳಿದನು. 1972ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಜಲಶುದ್ಧಿಯ ಕಾನೂನು ಬಂದಿತು. ಸ್ಥಾವರವನ್ನು ಉತ್ತಮಗೊಳಿಸಿ ರಂಜಕದ ಅಂಶವನ್ನು ತಗ್ಗಿಸಿದ ಮೇಲೆ, 1983ರ ಹೊತ್ತಿಗೆ ಅಳಿವೆಯಲ್ಲಿ ನೀರುಸಸ್ಯಗಳು ಮತ್ತೆ ತಲೆಯೆತ್ತಿದುವು. ಗೆಂಡೆಯು ಕಿತ್ತು ನಾಶಮಾಡಿತೆಂದು ದೂರಿದ ಸಸ್ಯಸಂಪತ್ತು, ಗೆಂಡೆ ಇನ್ನೂ ಅಲ್ಲಿಯೇ ಇರುವಾಗ, ನೀರು ಸುಧಾರಿಸಿದೊಡನೆ ಮರಳಿತೆಂಬುದನ್ನು ಗಮನಿಸಬೇಕು. ಉತ್ತರದ ಕವಲಿನಲ್ಲಿಯೂ 1980ರ ದಶಕದ ಆರಂಭದಲ್ಲಿ ಜೆನಿಂಗ್ಸ್ ರ್ಯಾಂಡಾಲ್ಫ್ ಅಣೆಕಟ್ಟು ಮುಗಿದು, ಜಲಾಶಯದ ಬೇರೆಬೇರೆ ಮಟ್ಟಗಳ ನೀರನ್ನು ಅಳತೆಯರಿತು ಬಿಡತೊಡಗಿದರು. 1990ರ ದಶಕದಲ್ಲಿ ಆಮ್ಲದ ಹೊಳೆಗಳಿಗೆ ಸುಣ್ಣವನ್ನು ಬೆರೆಸುವ ಏರ್ಪಾಡಾಯಿತು. ಸತ್ತುಹೋಗಿದೆಯೆಂದು ಕೈಬಿಟ್ಟಿದ್ದ ಹೊಳೆಗೆ ಮೀನು ಹಿಂದಿರುಗಿತು.

ಕಥೆಯು ಇಲ್ಲಿಗೆ ಮಂಗಳವಾಗಿದ್ದರೆ ಚೆನ್ನಾಗಿತ್ತು. 2002ರಲ್ಲಿ ದಕ್ಷಿಣದ ಕವಲಿನಲ್ಲಿಯೂ, ಅನಂತರದ ವರ್ಷಗಳಲ್ಲಿ ಶೆನಂಡೋವಾದಲ್ಲಿಯೂ ಮೀನುಗಳು ಗುಂಪುಗುಂಪಾಗಿ ಸತ್ತುವು. 2003ರಲ್ಲಿ ಕಾರಣವನ್ನು ಹುಡುಕುತ್ತಿದ್ದ ವಿಜ್ಞಾನಿಗಳಿಗೆ ಇನ್ನೊಂದು ವಿಚಿತ್ರವು ಗೋಚರಿಸಿತು: ಗಂಡು ಬಾಸ್ ಮೀನುಗಳ ವೃಷಣಗಳಲ್ಲಿ ಅಂಡಕಣಗಳು ಬೆಳೆಯುತ್ತಿದ್ದುವು. ಹೊಲಗಳಿಂದಲೂ ಪಶುಶಾಲೆಗಳಿಂದಲೂ ಊರುಗಳ ಚರಂಡಿಗಳಿಂದಲೂ ಹರಿದುಬರುವ, ದೇಹದ ಸ್ರಾವಗಳಂತೆ ವರ್ತಿಸುವ ರಾಸಾಯನಿಕಗಳು ಇದಕ್ಕೆ ಕಾರಣವೆಂಬ ಶಂಕೆ ಬಲವಾಗಿದೆ. ಇಂಥದೇ ಒಂದು ವಸ್ತುವೆಂದು ಬೊಟ್ಟುಮಾಡಿ ಹೇಳುವುದು ಕಷ್ಟ. ಇಂಥ ನೀರು ಕದಡಿ ಕೆಂಪಾಗುವುದಿಲ್ಲ, ನಾರುವುದಿಲ್ಲ. ತಿಳಿನೀರಿನ ಗುರುತೆಂದು ಜನರು ಹೊಗಳಿದ ಮೀನೇ, ತಿಳಿನೀರೆಲ್ಲ ಒಳ್ಳೆಯ ನೀರಲ್ಲವೆಂದು ಸಾಕ್ಷಿ ಹೇಳಬೇಕಾಯಿತು.

ಗೆಂಡೆಯ ಸಂಚಾರವು ಅಮೆರಿಕದಲ್ಲಿಯೇ ನಿಲ್ಲಲಿಲ್ಲ. ಇದೇ ಸಾಮಾನ್ಯ ಗೆಂಡೆಯನ್ನು 1939ರಲ್ಲಿ ನೀಲಗಿರಿಗೂ, ಇದರ ಇನ್ನೊಂದು ತಳಿಯನ್ನು 1957ರಲ್ಲಿ ಭಾರತದ ಬಯಲುಸೀಮೆಗೂ ತಂದರು. ಅಗ್ಗದ ಆಹಾರವೆಂಬ ಅದೇ ಸದುದ್ದೇಶವೇ ಇಲ್ಲಿಯೂ ಕಾರಣ. ಇಂದು ಅದು ಕನ್ನಡನಾಡಿನ ಕೆರೆಗಳಿಗೂ ಜಲಾಶಯಗಳಿಗೂ ಹೊಸಬನಲ್ಲ. ಹೊರಗಿನಿಂದ ಬಂದ ಮೀನನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸುಲಭವಾದ ಕೆಲಸ. ಅದು ಬಂದು ಸೇರಿದ ನೀರಿಗೆ ಮೇಲಣ ಬೆಟ್ಟದಲ್ಲಿ, ಗಣಿಯಲ್ಲಿ, ಹೊಲದಲ್ಲಿ, ನಗರದಲ್ಲಿ ಏನಾಗಿದ್ದಿತೆಂದು ವಿಚಾರಿಸುವುದು ಕಷ್ಟ. ಏಕೆಂದರೆ ಆ ವಿಚಾರಣೆಯಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾದವನು ಮೀನಲ್ಲ. ಪೊಟೋಮ್ಯಾಕಿನ ನೂರೆಪ್ಪತ್ತು ವರ್ಷಗಳ ಮೀನುಗಾರಿಕೆಯ ಚರಿತ್ರೆಯಿಂದ ಗ್ರಹಿಸಬೇಕಾದ ಸಂಗತಿ ಇಷ್ಟೆ.